ಹತ್ತದೇ ಹೋದ ಕೆಂಪು ದೀಪ

ಆಯುಧಪೂಜೆಗೆ ಇನ್ನು ನಾಲ್ಕೇ ದಿನ ಇತ್ತು. ಗೋವಿಂದರಾಜನಗರದ ನನ್ನ ಗ್ಯಾರೇಜಿನ ಮುಂದೆ ಕಾರುಗಳು ಎರಡು ಸಾಲಾಗಿ ನಿಂತು ಎದುರು ಮನೆಯವರ ಗೇಟನ್ನೂ ಮುಚ್ಚಿಬಿಟ್ಟಿದ್ದವು. ವರ್ಷವಿಡೀ ಬಾನೆಟ್ ಎತ್ತಿ ನೋಡದವರಿಗೂ ಹಬ್ಬದ ಹಿಂದಿನ ವಾರ ಗಾಡಿಯ ಮೇಲೆ ಭಕ್ತಿ ಉಕ್ಕುತ್ತದೆ. ಬ್ರೇಕು ಕಿರುಗುಟ್ಟುವುದು, ಹಾರನ್ನು ಒಡಕಾಗಿರುವುದು ಎಲ್ಲವೂ ಪೂಜೆಯೊಳಗೆ ಸರಿಹೋಗಬೇಕು. ಆ ಗದ್ದಲದಲ್ಲಿ, ನಾನು ಯಜಮಾನರೆಂದೇ ಕರೆಯುವ ಗಿರಾಕಿಯೊಬ್ಬರು ತಮ್ಮ ಹಳೆಯ ಬಿಳಿ ಕಾರನ್ನು ತಂದು, ಯಾರಿಗೂ ಅಡ್ಡವಾಗದಂತೆ ಅಳೆದು ನಿಲ್ಲಿಸಿ ಕೆಳಗಿಳಿದರು.

ಅವರು ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಡ್ರೈವರಾಗಿದ್ದು ನಿವೃತ್ತರಾದವರು. ಮನೆ ಚಂದ್ರಾ ಲೇಔಟಿನಲ್ಲಿ. ಅವರ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಎಡಗಾಲು, ಎಡಗೈ ಸೋತಿದ್ದವು, ಮಾತೂ ತೊದಲುತ್ತಿತ್ತು. ವಾರಕ್ಕೆ ಮೂರು ದಿನ ಕೆಂಗೇರಿಯಲ್ಲಿ ಫಿಸಿಯೋಥೆರಪಿ. ಆಟೋ ಹತ್ತಿಸಲು ಆಗುತ್ತಿರಲಿಲ್ಲ. ಕ್ಯಾಬ್ ಮಾಡಿಕೊಂಡು ಹೋಗಿ ಎಂದು ಮಗಳು ದಿನಾ ಹೇಳುತ್ತಿದ್ದಳಂತೆ. ಯಜಮಾನರು ಒಪ್ಪುತ್ತಿರಲಿಲ್ಲ. ಊರಿನವರನ್ನೆಲ್ಲ ಅಷ್ಟು ವರ್ಷ ಕೂರಿಸಿಕೊಂಡು ಹೋದವನು ಕಟ್ಟಿಕೊಂಡವಳನ್ನು ಬೇರೆಯವರ ಗಾಡಿಯಲ್ಲಿ ಕಳಿಸಬೇಕಾ ಅನ್ನುವುದು ಅವರ ವಾದ. ಮನೆಯಲ್ಲಿ ಇದ್ದ ಜಗಳ ಅದೊಂದೇ.

ಅವರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಡಿಪೋದ ಅಭ್ಯಾಸ. ಡ್ಯೂಟಿ ಮುಗಿಸಿ ಬಂದ ಡ್ರೈವರು ಬಸ್ಸಿನ ತೊಂದರೆಯನ್ನು ಪುಸ್ತಕದಲ್ಲಿ ಬರೆಯುತ್ತಾನೆ, ಮೆಕ್ಯಾನಿಕ್ ಸರಿಮಾಡಿ ಪಕ್ಕದಲ್ಲಿ ಸಹಿ ಹಾಕುತ್ತಾನೆ, ಸಹಿ ಬಿದ್ದ ಮೇಲೆ ಬೆಳಿಗ್ಗೆ ಬಸ್ಸು ಹೊರಡುತ್ತದೆ. ಯಜಮಾನರು ಸ್ವಂತ ಕಾರಿಗೂ ಅದೇ ಪದ್ಧತಿ ಇಟ್ಟುಕೊಂಡಿದ್ದರು. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ನಾನು ಮೊದಲ ಸಲ ನಕ್ಕಾಗ ಅವರು ನಗಲಿಲ್ಲ.

"ಎಡಗಡೆ ನಂದು, ಬಲಗಡೆ ನಿಮ್ದು ಮೇಸ್ತ್ರಿ. ಬಲಗಡೆ ನಾನು ಪೆನ್ನಿಡೋ ಹಂಗಿಲ್ಲ. ನೀವು ಸೈನ್ ಮಾಡಿದ್ರೆ ಮುಗೀತು, ನಾನು ಎರಡನೇ ಮಾತಾಡಲ್ಲ" ಅಂದಿದ್ದರು.

ಆವತ್ತು ಎಡಗಡೆ ಬರೆದಿದ್ದದ್ದು: ಆಯಿಲ್ ದೀಪ ಮಿಣುಕುತ್ತಿದೆ.

"ಸಿಗ್ನಲ್‌ನಲ್ಲಿ ನಿಂತಾಗ ಮಿಣಿಮಿಣಿ ಅಂತದೆ. ಆಕ್ಸಿಲರೇಟರ್ ಒತ್ತಿದ್ರೆ ಹೋಗ್ತದೆ. ಇಂಜಿನ್ ಬಿಸಿ ಆದ್ಮೇಲೇನೇ" ಎಂದು ವಿವರಿಸಿದರು.

ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಕುಡಿಕೆಯ ಚಿತ್ರವಿರುವ ಆ ಕೆಂಪು ದೀಪ ಹತ್ತಿತೆಂದರೆ ಇಂಜಿನ್ನಿನೊಳಗೆ ಎಣ್ಣೆಯ ಒತ್ತಡ ಸಾಲದು ಎಂದರ್ಥ. ಇಲ್ಲವೇ, ಆ ಒತ್ತಡವನ್ನು ನೋಡಿ ದೀಪಕ್ಕೆ ಹೇಳುವ ಸೆನ್ಸರ್ ಕೆಟ್ಟಿದೆ ಎಂದರ್ಥ. ಹತ್ತರಲ್ಲಿ ಏಳೆಂಟು ಸಲ ಸೆನ್ಸರೇ ಆಗಿರುತ್ತದೆ ಎಂಬುದು ನಮ್ಮ ಗ್ಯಾರೇಜುಗಳ ಶಾಸ್ತ್ರ. ಯಜಮಾನರು ಹೇಳಿದ ಲಕ್ಷಣ ಮಿಕ್ಕ ಎರಡು ಮೂರು ಸಲದ್ದು. ಬಿಸಿಯಾದಾಗ, ನಿಧಾನವಾಗಿ ಓಡುವಾಗ ಮಾತ್ರ ದೀಪ ಬಂದರೆ ನಿಜವಾದ ಒತ್ತಡವನ್ನು ಅಳೆದು ನೋಡಬೇಕೆಂದು ನನಗೆ ಕೆಲಸ ಕಲಿಸಿದವರು ಬಡಿದು ಹೇಳಿದ್ದರು. ಅಳೆಯುವ ಗೇಜನ್ನೂ ಅವರೇ ಕೊಟ್ಟಿದ್ದರು. ಮರದ ಪೆಟ್ಟಿಗೆಯಲ್ಲಿ, ಗೋಡೆಯ ಕಪಾಟಿನ ಮೇಲಿನ ಅರೆಯಲ್ಲಿ ಅದು ಇತ್ತು. ಪ್ರತಿ ಆಯುಧಪೂಜೆಗೆ ಕೆಳಗಿಳಿಸಿ, ಒರೆಸಿ, ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ ಮತ್ತೆ ಮೇಲಿಡುತ್ತಿದ್ದೆ. ಕಿವಿಯಿಟ್ಟು ಕೇಳಿದರೆ ಸಾಕು, ಇಂಜಿನ್ನಿನ ಜಾತಕ ಹೇಳುತ್ತೇನೆ ಎಂದು ನನಗೊಂದು ಜಂಬ.

ಬ್ಯಾಟರಿಯ ವೈರು ಬಿಚ್ಚಿದೆ. ಆ ಕಾರಿನಲ್ಲಿ ಸೆನ್ಸರ್ ಇರುವುದು ಇಂಜಿನ್ನಿನ ಹಿಂಬದಿ, ಆಯಿಲ್ ಫಿಲ್ಟರಿನ ಪಕ್ಕ. ಕಣ್ಣಿಗೆ ಕಾಣುವುದಿಲ್ಲ, ಕೈ ತೂರಿಸಿ ತಡಕಬೇಕು. ಒಂದೇ ವೈರಿನ ಸಣ್ಣ ಕ್ಲಿಪ್ಪು. ಎಳೆದರೆ ಎಣ್ಣೆಯಲ್ಲಿ ತೊಯ್ದು ಬಂತು. ಸೆನ್ಸರಿನ ತಲೆಯಿಂದಲೇ ಎಣ್ಣೆ ಜಿನುಗುತ್ತಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ನನಗೆ ಒಳಗೊಳಗೇ ಖುಷಿ. ಗೇಜಿನ ಪೆಟ್ಟಿಗೆಯ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ಹಳೆಯದನ್ನು ಬಿಚ್ಚಿ ಹೊಸ ಸೆನ್ಸರ್ ಕೂರಿಸಿ ಸ್ಟಾರ್ಟ್ ಮಾಡಿದೆ. ದೀಪ ಮಿಣುಕಲಿಲ್ಲ. ಆದರೆ ಸೆನ್ಸರಿನ ಬುಡದಲ್ಲಿ ಎಣ್ಣೆಯ ಹನಿ ಮೂಡಿತು. ಹಿಂದೆ ಯಾರೋ ಅತಿಯಾಗಿ ಬಿಗಿದು ಇಂಜಿನ್ನಿನ ಕಡೆಯ ಮರೆಯನ್ನು, ಅಂದರೆ ಸೆನ್ಸರ್ ತಿರುಗಿ ಕೂರುವ ತಿರುಪಿನ ಗೆರೆಗಳನ್ನು, ಸವೆಸಿದ್ದರು. ಇನ್ನೊಂದು ಸುತ್ತು ಬಿಗಿದೆ, ಹನಿ ನಿಲ್ಲಲಿಲ್ಲ. ಸರಿಯಾದ ದಾರಿಯೆಂದರೆ ಮರೆಯನ್ನು ಹೊಸದಾಗಿ ಕೊರೆಸುವುದು. ಅದಕ್ಕೆ ಒಂದು ದಿನ ಬೇಕು. ಹಬ್ಬದ ವಾರದಲ್ಲಿ ಆ ಒಂದು ದಿನ ನನ್ನ ಬಳಿ ಇರಲಿಲ್ಲ, ಅಥವಾ ಇಲ್ಲವೆಂದುಕೊಂಡೆ. ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ಪ್ಲಂಬರುಗಳು ನಲ್ಲಿಗೆ ಸುತ್ತುವ ಬಿಳಿ ಟೇಪು ತಂದು, ಸೆನ್ಸರಿನ ಮರೆಗೆ ಐದು ಸುತ್ತು ಬಿಗಿಯಾಗಿ ಸುತ್ತಿ ತಿರುಗಿಸಿದೆ. ಹನಿ ನಿಂತಿತು. ಹತ್ತು ನಿಮಿಷ ಇಂಜಿನ್ ಓಡಿಸಿದೆ. ಬಿಸಿಯಾದರೂ ದೀಪ ಇಲ್ಲ, ರೇಸ್ ಕೊಟ್ಟು ಬಿಟ್ಟರೂ ಇಲ್ಲ. ಕೆಲಸ ಮುಗಿಯಿತು ಎಂದು ಬಾನೆಟ್ ಮುಚ್ಚಿದೆ.

ಮರುದಿನ ಬೆಳಿಗ್ಗೆ ಯಜಮಾನರು ಬಂದರು. ಸೀಟಿನಲ್ಲಿ ಕೂತು ಕೀ ಅರ್ಧ ತಿರುಗಿಸಿ, ಸ್ಟಾರ್ಟ್ ಮಾಡದೆ, ಡ್ಯಾಶ್‌ಬೋರ್ಡನ್ನೇ ನೋಡಿದರು. ಇಂಜಿನ್ ಓಡದಿದ್ದಾಗ ಎಣ್ಣೆಯ ಒತ್ತಡ ಇರುವುದಿಲ್ಲ. ಹಾಗಾಗಿ ಕೀ ತಿರುಗಿಸಿದೊಡನೆ ಆ ಕೆಂಪು ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಡ್ರೈವಿಂಗ್ ಕಲಿಯುವವರಿಗೂ ಗೊತ್ತಿರುವ ಸಂಗತಿ. ಅವರು ಕೀ ಆಫ್ ಮಾಡಿ ಇನ್ನೊಮ್ಮೆ ತಿರುಗಿಸಿದರು.

"ಮೇಸ್ತ್ರಿ, ಆಯಿಲ್ ದೀಪ ಬರ್ತಾನೇ ಇಲ್ವಲ್ಲ?"

ನನ್ನ ಸುತ್ತ ಆಗ ಐದಾರು ಜನ ಗಿರಾಕಿಗಳಿದ್ದರು. ಹೊಸ ದೊಡ್ಡ ಕಾರಿನವರೊಬ್ಬರು ನನ್ನನ್ನೇ ನೋಡುತ್ತಿದ್ದರು. ಅವರ ಮುಂದೆಯೇ ಸ್ವಲ್ಪ ಹೊತ್ತಿಗೆ ಮುಂಚೆ ಕಿವಿಯ ಮಹಿಮೆ ಕೊಚ್ಚಿಕೊಂಡಿದ್ದೆ. ಎಲ್ಲೋ ತಪ್ಪಾಗಿದೆ ಎಂದು ಒಳಗೆ ಚುರುಕ್ಕೆಂದಿತು. ಏನು ತಪ್ಪು ಎಂದು ಗೊತ್ತಾಗಲಿಲ್ಲ, ಬಲ್ಬು ಹೋಗಿರಬೇಕು, ಹಬ್ಬ ಕಳೆದ ಮೇಲೆ ನೋಡಿದರಾಯಿತು ಅನಿಸಿತು. ಅಷ್ಟನ್ನಾದರೂ ಬಾಯಿಬಿಟ್ಟು ಹೇಳಬಹುದಿತ್ತು.

"ಹೊಸಾ ಸೆನ್ಸರು ಯಜಮಾನ್ರೇ, ಹಂಗೇ ಇರ್ತದೆ. ಈಗಿನವು ಸುಮ್‌ಸುಮ್ನೆ ದೀಪ ತೋರ್ಸಲ್ಲ" ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಪುಸ್ತಕ ತೆಗೆದು ಎಡಗಡೆ, ಕೀ ಹಾಕಿದಾಗ ಆಯಿಲ್ ದೀಪ ಬರುತ್ತಿಲ್ಲ, ಎಂದು ಬರೆದು ನನ್ನ ಕಡೆ ಚಾಚಿದರು. ನಾನು ಬಲಗಡೆ 'ಸರಿಯಿದೆ' ಎಂದು ಬರೆದು ಸಹಿ ಹಾಕಿದೆ. ಗ್ರೀಸು ಮೆತ್ತಿದ ಹೆಬ್ಬೆಟ್ಟಿನ ಗುರುತೂ ಪಕ್ಕದಲ್ಲಿ ಬಿತ್ತು.

"ಆಯ್ತು ಬಿಡಿ" ಎಂದು ಹೊರಟುಹೋದರು.

ಹಬ್ಬವಾಯಿತು. ಗೇಜಿನ ಪೆಟ್ಟಿಗೆಗೆ ಆ ವರ್ಷವೂ ಕುಂಕುಮವಿಟ್ಟೆ. ಬಲ್ಬಿನ ಮಾತು ಮರೆತೇಹೋಯಿತು ಎಂದರೆ ಅರ್ಧ ಸುಳ್ಳು. ಎರಡು ಸಲ ನೆನಪಾಗಿತ್ತು, ಫೋನ್ ಮಾಡಲಿಲ್ಲ.

ಮೂರು ವಾರ ಕಳೆದು ದೀಪಾವಳಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಕೆಂಗೇರಿಯಿಂದ ವಾಪಸು ಬರುವಾಗ ಮೈಸೂರು ರಸ್ತೆಯಲ್ಲಿ ಇಂಜಿನ್ನಿನೊಳಗೆ ಕಟಕಟ ಸದ್ದು ಬಂದಿದೆ, ಕೇಳಿದ ತಕ್ಷಣ ಆಫ್ ಮಾಡಿ ಎಡಕ್ಕೆ ಉರುಳಿಸಿಕೊಂಡು ನಿಲ್ಲಿಸಿದ್ದಾರೆ. ನಾನು ಹೋಗುವಷ್ಟರಲ್ಲಿ ಮಗಳೂ ಆಫೀಸಿನಿಂದ ಬಂದಿದ್ದಳು. ಅವಳ ಅಮ್ಮ ಮುಂದಿನ ಸೀಟಿನಲ್ಲಿ ಬೆವರುತ್ತಾ ಕೂತಿದ್ದರು. ಪಕ್ಕದಲ್ಲೇ ಲಾರಿಗಳು ಭರ್ರೆಂದು ಹೋಗುತ್ತಿದ್ದವು, ಒಂದೊಂದಕ್ಕೂ ಕಾರು ಅಲುಗುತ್ತಿತ್ತು.

"ಅಪ್ಪ, ಸಾಕು. ಅಮ್ಮನ್ನ ಕೂರಿಸ್ಕೊಂಡು ಇನ್ನೇನೇನು ಮಾಡ್ಬೇಕು ಅಂತಿದೀರಾ? ನಿಮ್ಗೆ ವಯಸ್ಸಾಯ್ತು, ಒಪ್ಕೊಳ್ಳಿ. ಕೀ ಕೊಡಿ ಇಲ್ಲಿ" ಎಂದು ಮಗಳು ಕೈ ಚಾಚಿದಳು.

ಯಜಮಾನರು ನನ್ನ ಕಡೆ ತಿರುಗಿದರು. "ನನ್ ಕೈ ಹೋಯ್ತೇನೋ ಮೇಸ್ತ್ರಿ. ಅಷ್ಟು ವರ್ಷದ ಸರ್ವಿಸಲ್ಲಿ ಒಂದ್ ಇಂಜಿನ್ ಕೆಡಿಸಿರ್ಲಿಲ್ಲ" ಅಂದರು.

"ಹಳೇ ಗಾಡಿ ಅಲ್ವಾ" ಎಂದಷ್ಟೇ ಹೇಳಿ ನಾನು ಟೋ ಹಗ್ಗ ಬಿಗಿಯುವ ನೆಪದಲ್ಲಿ ಬಗ್ಗಿದೆ. ತಲೆಯೆತ್ತಿದಾಗ ಕೀ ಮಗಳ ಬ್ಯಾಗಿನೊಳಗೆ ಹೋಗುತ್ತಿತ್ತು. ಗ್ಯಾರೇಜಿಗೆ ಬೇಕಿದ್ದ ಇನ್ನೊಂದು ಕೀಯನ್ನು ಅವಳೇ ಸಂಜೆ ತಂದುಕೊಟ್ಟು ಹೋದಳು.

ಮರುದಿನ ಶೆಟರ್ ಅರ್ಧ ಇಳಿಸಿಕೊಂಡು ಕೆಲಸಕ್ಕೆ ಕೂತೆ. ಮೊದಲು ಕೀ ತಿರುಗಿಸಿದೆ. ಕೆಂಪು ದೀಪ ಇಲ್ಲ. ಸೆನ್ಸರಿನ ವೈರು ಬಿಚ್ಚಿ ಅದರ ತುದಿಯನ್ನು ಇಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿದೆ. ದೀಪ ಹತ್ತಿತು. ಅಂದರೆ ಬಲ್ಬು ಸರಿಯಿದೆ, ವೈರೂ ಸರಿಯಿದೆ. ಉಳಿದದ್ದು ನಾನು ಕೂರಿಸಿದ ಸೆನ್ಸರು. ಬಿಚ್ಚಿ ಕೈಗೆ ತೆಗೆದುಕೊಂಡು ನೋಡಿದೆ.

ಆ ಸೆನ್ಸರಿಗೆ ಒಂದೇ ವೈರು. ದೀಪದ ಕರೆಂಟು ಆ ವೈರಿನಲ್ಲಿ ಬಂದು, ಸೆನ್ಸರಿನ ಮೈಯಿಂದ ಮರೆಯ ಮೂಲಕ ಇಂಜಿನ್ನಿನ ಕಬ್ಬಿಣಕ್ಕೆ ಇಳಿಯಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದರೆ ಮಾತ್ರ ದೀಪ. ನಡುವೆ ನಾನು ಐದು ಸುತ್ತು ಟೇಪು ಸುತ್ತಿದ್ದೆ. ಎಣ್ಣೆಯನ್ನು ತಡೆದ ಟೇಪು ಕರೆಂಟನ್ನೂ ತಡೆದಿತ್ತು. ಒತ್ತಡ ಇರಲಿ, ಸೊನ್ನೆಯಾಗಲಿ, ಆ ದೀಪ ಇನ್ನು ಹತ್ತುವಂತಿರಲಿಲ್ಲ. ಟೇಪನ್ನು ಕಿತ್ತು, ಮರೆ ಒರೆಸಿ, ಹಾಗೇ ತಿರುಗಿಸಿ ಕೀ ಹಾಕಿದೆ. ಕೆಂಪಗೆ ಹತ್ತಿ ನನ್ನನ್ನೇ ನೋಡಿತು.

ಆಮೇಲೆ ಕಪಾಟಿನಿಂದ ಗೇಜನ್ನು ಇಳಿಸಿದೆ. ಅದರ ಗಾಜಿನ ಮೇಲೆ ಹಬ್ಬದ ಕುಂಕುಮ ಒಣಗಿ ಅಂಟಿತ್ತು, ಉಗುರಿನಿಂದ ಕೆರೆದೆ. ಸೆನ್ಸರಿನ ಜಾಗಕ್ಕೆ ಸಿಕ್ಕಿಸಿ ಕೆಲವೇ ಸೆಕೆಂಡು ಇಂಜಿನ್ ಓಡಿಸಿದೆ. ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಆಫ್ ಮಾಡಿ, ಎಣ್ಣೆ ಇಳಿಸಿ, ಇಂಜಿನ್ನಿನ ಕೆಳಗಿನ ಎಣ್ಣೆ ತೊಟ್ಟಿ ಬಿಚ್ಚಿದೆ. ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದರ ತುಂಬ ಕಾಫಿ ಫಿಲ್ಟರಿನ ತಳದ ಚರಟದಂತೆ ಕಪ್ಪು ಮಡ್ಡಿ ಕಟ್ಟಿತ್ತು. ಹಳೆಯ ಸೆನ್ಸರ್ ಎಣ್ಣೆ ಸೋರಿಸುತ್ತಿದ್ದರೂ ನಿಜವನ್ನೇ ಹೇಳುತ್ತಿತ್ತು. ಒತ್ತಡ ಆಗಲೇ ಸಾಲದಾಗಿತ್ತು. ನಾನು ಹೇಳುವವನ ಬಾಯಿಗೇ ಬಟ್ಟೆ ತುರುಕಿ ರೋಗ ವಾಸಿಯಾಯಿತೆಂದು ಸಹಿ ಮಾಡಿದ್ದೆ. ಎಣ್ಣೆ ಸಾಲದೆ ಬೇರಿಂಗುಗಳು ಸವೆದು ತಾಮ್ರ ಕಾಣುತ್ತಿತ್ತು. ಇನ್ನೊಂದು ಕಿಲೋಮೀಟರು ಓಡಿಸಿದ್ದರೆ ಇಂಜಿನ್ ಹಿಡಿದುಕೊಂಡು, ಅದರ ಮುಖ್ಯ ದಂಡವಾದ ಕ್ರ್ಯಾಂಕೇ ಹೋಗುತ್ತಿತ್ತು. ಸದ್ದು ಕೇಳಿದ ತಕ್ಷಣ ಆಫ್ ಮಾಡಿದ ಯಜಮಾನರ ಕಿವಿ ಅದನ್ನು ಉಳಿಸಿತ್ತು.

ಅಂಗೈಯಲ್ಲಿ ಆ ಟೇಪಿನ ಚೂರುಗಳು ಎಣ್ಣೆ ಕುಡಿದು ಕಂದಾಗಿ ಬಿದ್ದಿದ್ದವು. ಕಸದ ಡಬ್ಬಕ್ಕೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಹಳೇ ಗಾಡಿ, ವಯಸ್ಸಾದ ಡ್ರೈವರು, ಎಲ್ಲರೂ ನಂಬುವ ಕಾರಣ ತಯಾರಾಗಿಯೇ ಇತ್ತು. ಆಗಲೇ ಫೋನ್ ಬಂತು.

"ಏನಾಗಿತ್ತು ಮೇಸ್ತ್ರಿ? ಹಂಪ್ ಮೇಲೆ ಕೆಳಗಡೆ ತಗುಲಿಸಿಬಿಟ್ನಾ? ನಂಗೆ ಗೊತ್ತಾಗ್ದೆ ತಪ್ಪು ಗೇರಲ್ಲಿ ಎಳ್ದಿರ್ತೀನಾ?"

"ನೋಡ್ತಾ ಇದೀನಿ ಯಜಮಾನ್ರೇ."

"ನಂದೇ ತಪ್ಪು ಅಂದ್ರೂ ಪರ್ವಾಗಿಲ್ಲ, ಹೇಳ್ಬಿಡಿ. ತಲೇಲಿ ಅದೇ ಕೊರೀತಾ ಇದೆ."

"ನೋಡಿ ಹೇಳ್ತೀನಿ" ಎಂದು ಇಟ್ಟುಬಿಟ್ಟೆ.

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಗೊತ್ತಿಲ್ಲದೆ ಟೇಪು ಸುತ್ತಿದ್ದು ದಡ್ಡತನ. ಜನರ ಮುಂದೆ ಬುರುಡೆ ಬಿಟ್ಟದ್ದು ಜಂಬ. ಎಲ್ಲಾ ಗೊತ್ತಾದ ಮೇಲೆ ಆ ಫೋನಿನಲ್ಲಿ ಸುಮ್ಮನಿದ್ದೆನಲ್ಲ, ಅದಕ್ಕೆ ನನ್ನ ಬಳಿ ಹೆಸರಿಲ್ಲ. ಎರಡು ದಿನ ಹಾಗೇ ಇದ್ದೆ. ಬೀದಿಯಲ್ಲಿ ಯಾರಾದರೂ "ಏನ್ ಗುರು, ಶೆಟರ್ ಯಾಕೆ ಅರ್ಧ?" ಎಂದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಬೇರಿಂಗುಗಳ ಅಳತೆ ತೆಗೆದೆ, ಸಾಮಾನಿನ ಪಟ್ಟಿ ಬರೆದೆ, ಅವರಿಗೆ ಮಾತ್ರ ಫೋನ್ ಮಾಡಲಿಲ್ಲ.

ಮೂರನೆಯ ದಿನ ಕಾರಿನ ಒಂದು ಹಳೆಯ ಕಾಗದಕ್ಕಾಗಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದೆ. ಆ ಉದ್ದನೆಯ ನೋಟ್‌ಬುಕ್ ಅಲ್ಲೇ ಇತ್ತು. ನನ್ನ ಸಹಿಯ ಕೆಳಗೆ, ಎಡಗಡೆಯಲ್ಲಿ, ಕೆಂಗೇರಿಗೆ ಹೋದ ಒಂದೊಂದು ದಿನಕ್ಕೂ ಒಂದೊಂದು ಸಾಲು. ದೀಪ ಇವತ್ತೂ ಬರಲಿಲ್ಲ, ಮೇಸ್ತ್ರಿ ಸರಿಯಿದೆ ಎಂದಿದ್ದಾರೆ. ಮತ್ತೆ, ದೀಪ ಬರಲಿಲ್ಲ, ಮೇಸ್ತ್ರಿ ಸರಿಯಿದೆ ಎಂದಿದ್ದಾರೆ. ಒಂಬತ್ತು ಸಾಲು, ಒಂದೇ ಅಕ್ಷರ, ಒಂದೇ ಮಾತು. ಕಣ್ಣಿಗೆ ಕಂಡದ್ದನ್ನು ಪ್ರತಿ ಸಲ ಬರೆದು, ಅದಕ್ಕಿಂತ ನನ್ನ ಮಾತು ದೊಡ್ಡದೆಂದು ಹೆಂಡತಿಯನ್ನು ಕೂರಿಸಿಕೊಂಡು ಹೊರಟಿದ್ದರು. ಕೊನೆಯ ಸಾಲು ಓರೆಯಾಗಿತ್ತು: ಇಂಜಿನ್‌ನಲ್ಲಿ ಸದ್ದು. ನಿಲ್ಲಿಸಿದೆ. ನನ್ನ ಅಜಾಗರೂಕತೆ ಇರಬಹುದು.

ಆಮೇಲೆ ಪುಸ್ತಕ, ಸೆನ್ಸರ್, ಟೇಪಿನ ಚೂರುಗಳನ್ನು ಒಂದು ಕವರಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ಭಾನುವಾರ, ಮಗಳು ಮನೆಯಲ್ಲೇ ಇರುತ್ತಾಳೆಂದು ಗೊತ್ತಿತ್ತು. ಅವಳ ಮುಂದೆಯೇ ಹೇಳಬೇಕಿತ್ತು.

ಯಜಮಾನರು ಜಗುಲಿಯಲ್ಲಿ ಕೂತು ಹೆಂಡತಿಯ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದರು. "ಬನ್ನಿ ಮೇಸ್ತ್ರಿ, ಕೂತ್ಕೊಳಿ. ಮಗಳು ಕಾಫಿ ತರ್ತಾಳೆ" ಎಂದರು. ನಾನು ಕೂರಲಿಲ್ಲ. ಕವರಿನಲ್ಲಿದ್ದದ್ದನ್ನು ಟೀಪಾಯಿಯ ಮೇಲೆ ಇಟ್ಟೆ.

"ತಪ್ಪು ನಿಮ್ದಲ್ಲ ಯಜಮಾನ್ರೇ, ನಂದು" ಎಂದು ಶುರುಮಾಡಿ, ಟೇಪು ಸುತ್ತಿದ್ದು, ದೀಪ ಸತ್ತದ್ದು, ಜಾಲರಿ ಕಟ್ಟಿದ್ದು ಎಲ್ಲವನ್ನೂ ಹೇಳಿದೆ. "ನೀವು ಆವಾಗ ಆಫ್ ಮಾಡ್ಲಿಲ್ಲ ಅಂದಿದ್ರೆ ಇಂಜಿನ್ನೇ ಇರ್ತಿರ್ಲಿಲ್ಲ. ಡ್ರೈವಿಂಗಲ್ಲಿ ಒಂದಿಷ್ಟೂ ತಪ್ಪಿಲ್ಲ."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಂದ್ರೆ, ಅಪ್ಪ ಕೇಳಿದ್ರು. ನೀವು ಸುಳ್ಳು ಹೇಳಿದ್ರಿ."

"ಹೂಂ ಅಮ್ಮ."

"ಮೂರು ದಿನದಿಂದ ಅವ್ರು ಸರಿಯಾಗಿ ಊಟ ಮಾಡಿಲ್ಲ. ನಾನು ಏನೇನಂದೆ ಗೊತ್ತಾ ಅವ್ರಿಗೆ?" ಎಂದಳು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಯಜಮಾನರು ಸೆನ್ಸರನ್ನು ಬೆರಳುಗಳ ನಡುವೆ ತಿರುಗಿಸಿ ನೋಡುತ್ತಿದ್ದರು. "ದೀಪ ಬರ್ಬೇಕಿತ್ತು ಅಂತ ನಿಮ್ಗೆ ಆವತ್ತೇ ಗೊತ್ತಿತ್ತಾ?" ಎಂದು ಕೇಳಿದರು.

ಟೇಪಿನ ವಿಷಯ ಆವತ್ತು ಗೊತ್ತಿರಲಿಲ್ಲ ಎಂದು ಜಾರಿಕೊಳ್ಳಬಹುದಿತ್ತು. ಅವರು ಕೇಳಿದ್ದು ಅದಲ್ಲ.

"ಗೊತ್ತಿತ್ತು."

"ಜನ ಇದ್ರಲ್ಲ ಸುತ್ತ" ಎಂದರು ಮೆಲ್ಲಗೆ. ಬೈಯಲಿಲ್ಲ. ನನ್ನ ಕಾರಣ ನನಗಿಂತ ಮುಂಚೆ ಅವರಿಗೆ ಗೊತ್ತಾಗಿತ್ತು. ಅವರ ಹೆಂಡತಿ ಮಗಳ ಕಡೆ ತಿರುಗಿ, ಕಷ್ಟಪಟ್ಟು ಒಂದೇ ಮಾತು ಹೇಳಿದರು. "ಕೀ." ಮಗಳು ಒಳಗೆ ಹೋಗಿ ತಂದು ಅಪ್ಪನ ಅಂಗೈಯಲ್ಲಿಟ್ಟಳು.

ರಿಪೇರಿಗೆ ಹನ್ನೊಂದು ದಿನ ಹಿಡಿಯಿತು. ಖರ್ಚು ನನ್ನದೇ, ಆ ಮಾತು ಇಲ್ಲಿ ಬೇಡ. ಆ ದಿನಗಳಲ್ಲಿ ಅಮ್ಮನನ್ನು ಕೆಂಗೇರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಯಜಮಾನರು "ಬೇಡ" ಎಂದರು, ಕ್ಯಾಬ್ ಮಾಡಿದರು. ಕ್ರ್ಯಾಂಕನ್ನು ಮಾಗಡಿ ರಸ್ತೆಯ ಲೇತಿನವರ ಹತ್ತಿರ ಉಜ್ಜಿಸಿ, ಹೊಸ ಬೇರಿಂಗು, ಹೊಸ ಆಯಿಲ್ ಪಂಪು ಹಾಕಿ, ಜಾಲರಿ ಬದಲಿಸಿ, ಒಳಗಿನ ಮಡ್ಡಿಯನ್ನೆಲ್ಲ ತೊಳೆದೆ. ಸೆನ್ಸರ್ ಕೂರುವ ಕಡೆ ಮರೆಯನ್ನು ಹೊಸದಾಗಿ ಕೊರೆಸಿದೆ. ಅದಕ್ಕೆ ನಿಜಕ್ಕೂ ಅರ್ಧ ದಿನ ಸಾಕಾಯಿತು. ಗೇಜು ಸಿಕ್ಕಿಸಿ ತಣ್ಣಗಿರುವಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಒತ್ತಡ ನೋಡಿ, ಆಮೇಲೆ ಸೆನ್ಸರನ್ನು ಕಬ್ಬಿಣಕ್ಕೆ ಕಬ್ಬಿಣ ತಾಗುವಂತೆ ಕೂರಿಸಿದೆ.

ಯಜಮಾನರು ಹೆಂಡತಿ, ಮಗಳ ಜೊತೆ ಕಾರು ಒಯ್ಯಲು ಕ್ಯಾಬಿನಲ್ಲಿ ಬಂದರು. ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸೋತ ಕಾಲನ್ನು ಎತ್ತಿ ಒಳಗಿಟ್ಟು, ತಾವು ಈಚೆ ಬಂದು ಕೂತರು. ಕೀ ಅರ್ಧ ತಿರುಗಿಸಿದರು. ಕೆಂಪು ದೀಪ ಹತ್ತಿತು. ಸ್ಟಾರ್ಟ್ ಮಾಡಿದರು, ಆರಿತು. ಆಫ್ ಮಾಡಿ ಮತ್ತೆ ಅದನ್ನೇ ಮಾಡಿದರು. ಮೂರನೆಯ ಸಲವೂ ಮಾಡಿದರು. ನಾನು ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದೆ. ಅಂಗಡಿ ತುಂಬ ಗಿರಾಕಿಗಳಿದ್ದರು.

ಅವರು ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಎಡಗಡೆ ನಿಧಾನವಾಗಿ ಬರೆದರು: ಕೀ ಹಾಕಿದಾಗ ದೀಪ ಬಂತು. ಸ್ಟಾರ್ಟ್ ಆದ ಮೇಲೆ ಹೋಯಿತು. ನಾನು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಜೇಬಿನಿಂದ ಪೆನ್ನು ತೆಗೆದೆ.

ಅವರು ಪುಸ್ತಕವನ್ನು ನನ್ನ ಕಡೆ ಚಾಚಲಿಲ್ಲ. ಗೆರೆಯ ಆಚೆಗೆ, ಬಲಗಡೆಗೆ ಪೆನ್ನು ಸರಿಸಿ, 'ನಾನೇ ನೋಡಿದೆ' ಎಂದು ಬರೆದು ತಮ್ಮ ಸಹಿ ಹಾಕಿದರು.

"ಬರ್ತೀನಿ ಮೇಸ್ತ್ರಿ" ಎಂದು, ಎಂದಿನ ಮರ್ಯಾದೆಯಿಂದಲೇ ಹೇಳಿ, ಇಂಡಿಕೇಟರ್ ಹಾಕಿಕೊಂಡು ರಸ್ತೆಗೆ ಇಳಿದರು. ನಾನು ಪೆನ್ನು ಹಿಡಿದುಕೊಂಡೇ ನಿಂತಿದ್ದೆ.